ತುಂಬದ ಗುಂಡಿ

ನಮ್ಮ ಮನೆಯ ಶೌಚಗುಂಡಿ ಅಂಗಳದ ಯಾವ ಭಾಗದಲ್ಲಿದೆ ಎಂಬುದು 2022ರ ಜುಲೈ ತಿಂಗಳ ಆ ಬೆಳಿಗ್ಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ, ಅದನ್ನು ತೋಡಿಸಿದ ತಂದೆಯವರು. ಅವರು ತೀರಿಕೊಂಡು ಏಳು ವರ್ಷಗಳಾಗಿದ್ದವು.

ಅಣ್ಣತಮ್ಮಂದಿರು, ಹೆಂಡಿರು ಮಕ್ಕಳು, ತಾಯಿ, ಎಲ್ಲರೂ ಒಂದೇ ಸೂರಿನಡಿ ಇರುವವರು ನಾವು. ಮನೆ ಇರುವುದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಜಡಿಮಳೆ ಹಿಡಿದು ಹತ್ತು ದಿನವಾಗಿತ್ತು. ಮೊದಲು ಕೆಳಗಿನ ಬಚ್ಚಲುಮನೆಯ ಕಕ್ಕಸಿನಲ್ಲಿ ನೀರು ಗುಳುಗುಳು ಎಂದು ಸದ್ದು ಮಾಡಿತು. ಮರುದಿನ ನೀರು ಇಳಿಯಲೊಲ್ಲದಾಯಿತು. ಮೂರನೆಯ ದಿನ ಇಳಿದದ್ದೆಲ್ಲ ಹಿಂದಕ್ಕೆ ಬಂತು. ಹದಿಮೂರು ಮಂದಿಯ ಮನೆಯಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಂಗಳಕ್ಕೆ ನಾವು 2014ರಲ್ಲಿ ಇಂಟರ್‌ಲಾಕ್ ಹಾಕಿಸಿದ್ದೆವು. ಆಗ ಕೆಲಸದವರು ಗುಂಡಿಯ ಚಪ್ಪಡಿಯ ಮೇಲೆಯೂ ಜಲ್ಲಿಹುಡಿ ಹರಡಿ ಸಮ ಮಾಡಿ ಕಲ್ಲು ಕೂರಿಸಿದ್ದರು. ನೋಡಲು ಚೆನ್ನಾಗಿತ್ತು. ಈಗ ಆ ಚಂದದ ಅಂಗಳದಲ್ಲಿ ಕೊಡೆ ಹಿಡಿದುಕೊಂಡು, ಹಾರೆಯ ಹಿಡಿಯಿಂದ ಕುಟ್ಟುತ್ತಾ, ಎಲ್ಲಿ ಟೊಳ್ಳು ಸದ್ದು ಬರುತ್ತದೆಂದು ಕಿವಿಗೊಟ್ಟು ಹುಡುಕಬೇಕಾಯಿತು. ಕೊನೆಗೆ ತಾಯಿ ಜಗಲಿಯಿಂದಲೇ ಕೂಗಿ ಹೇಳಿದರು: “ಆ ಸಂಪಿಗೆ ಗಿಡ ಇತ್ತಲ್ಲ, ಅದರ ಬುಡದಲ್ಲಿ ನೋಡಿ. ಆ ಗಿಡ ಒಂದು ಬೇಸಿಗೆಗೂ ಬಾಡಿದ್ದಿಲ್ಲ.” ಸಂಪಿಗೆ ಗಿಡವನ್ನು ಇಂಟರ್‌ಲಾಕಿನ ಗಡಿಬಿಡಿಯಲ್ಲಿ ನಾವೇ ಕಡಿಸಿದ್ದೆವು. ಗುಂಡಿ ಅಲ್ಲಿಯೇ ಇತ್ತು.

ನಮ್ಮ ಬಾಲ್ಯದಲ್ಲಿ ಈ ತಾಪತ್ರಯವೇ ಇರಲಿಲ್ಲ, ಗುಡ್ಡೆ ಇತ್ತು. ಗಂಡಸರಿಗೆ ಒಂದು ಬದಿ, ಹೆಂಗಸರಿಗೆ ನಸುಕಿನಲ್ಲಿ ಇನ್ನೊಂದು ಬದಿ. ಅದನ್ನು ನೆನೆದು ಹಳೆಯ ಕಾಲವನ್ನು ಹೊಗಳುವ ಗಂಡಸರು ನಮ್ಮೂರಿನಲ್ಲಿ ಈಗಲೂ ಇದ್ದಾರೆ. ಹೆಂಗಸರು ಯಾರೂ ಹೊಗಳಿದ್ದನ್ನು ನಾವು ಕೇಳಿಲ್ಲ. ಹೊಟ್ಟೆ ಕೆಟ್ಟರೂ ಕತ್ತಲಾಗುವುದನ್ನು ಕಾಯುತ್ತಿದ್ದ ದಿನಗಳನ್ನು ನಮ್ಮ ತಾಯಿ ಇಂದಿಗೂ ಮರೆತಿಲ್ಲ. 1997ರಲ್ಲಿ ತಂದೆಯವರು ಈ ಮನೆ ಕಟ್ಟಿಸುವಾಗ ತಾಯಿ ಕೇಳಿದ್ದು ಎರಡೇ: ಅಡುಗೆಕೋಣೆಗೊಂದು ಕಿಟಕಿ, ಮನೆಯೊಳಗೊಂದು ಕಕ್ಕಸು. 2006ರಲ್ಲಿ ಗಲ್ಫಿನ ಹಣ ಬಂದ ಮೇಲೆ ಮಹಡಿ ಎದ್ದಿತು, ಪ್ರತಿ ಕೋಣೆಗೂ ಅಟ್ಯಾಚ್ಡ್ ಬಾತ್‌ರೂಮ್ ಬಂತು. ಒಂದಿದ್ದದ್ದು ನಾಲ್ಕಾಯಿತು. ಟೈಲ್ಸಿನ ಬಣ್ಣಕ್ಕಾಗಿ ನಾವು ಮಂಗಳೂರಿನ ಅಂಗಡಿಗಳನ್ನು ಮೂರು ಸಲ ಸುತ್ತಿದೆವು. ನಾಲ್ಕೂ ಕಕ್ಕಸುಗಳ ಪೈಪುಗಳು ಹೋಗಿ ಸೇರುವ ಗುಂಡಿ ಮಾತ್ರ ಹಳೆಯದೇ. ಅದರ ಬಗ್ಗೆ ಒಂದು ಮಾತೂ ಬರಲಿಲ್ಲ. ಬಂದಿದ್ದರೂ ತಂದೆಯವರು ಹೇಳುತ್ತಿದ್ದದ್ದು ಒಂದೇ: “ಅದು ತುಂಬುವ ಗುಂಡಿ ಅಲ್ಲ.”

ತುಂಬದ ಗುಂಡಿ ನಮ್ಮ ಕಡೆ ಹೆಮ್ಮೆಯ ವಿಷಯ. ಮದುವೆಮನೆಯಲ್ಲಿ ನಾಲ್ಕು ಜನ ಸೇರಿ ಮನೆ ಕಟ್ಟುವ ಮಾತು ಬಂದರೆ ಒಬ್ಬರಾದರೂ “ನಮ್ಮದು ಕಟ್ಟಿ ಇಪ್ಪತ್ತು ವರ್ಷವಾಯಿತು, ಇನ್ನೂ ಒಂದು ಸಲ ತೆಗೆಸಿಲ್ಲ” ಎನ್ನುತ್ತಾರೆ. ಉಳಿದವರು ಮೆಚ್ಚಿ ತಲೆಯಾಡಿಸುತ್ತಾರೆ. ನಾವೂ ಹಾಗೆ ಹೇಳಿಕೊಂಡವರೇ. ಬೆಲ್ಲ, ಸೆಗಣಿನೀರು, ಬೇಕರಿಯ ಯೀಸ್ಟು ಹಾಕಿದರೆ ಗುಂಡಿ ತುಂಬುವುದೇ ಇಲ್ಲವೆಂದು ನಂಬಿದವರೂ ಇದ್ದಾರೆ. ಮಲವನ್ನು ಕೊಳೆಸುವ ಬ್ಯಾಕ್ಟೀರಿಯಾ ಮಲದ ಜೊತೆಗೇ ಬರುತ್ತದೆ. ಅದನ್ನು ಬೇರೆ ತಂದು ಹಾಕಬೇಕಾಗಿಲ್ಲ. ಫಿನಾಯಿಲು, ಆಸಿಡ್ಡು ಸುರಿದು ಅದನ್ನು ಕೊಲ್ಲದಿದ್ದರೆ ಸಾಕು.

ಆ ಜುಲೈಯಲ್ಲಿ ನಮಗೆ ಅರ್ಥವಾದ ಸಂಗತಿ ಇದು: ನಮ್ಮದು ಸೆಪ್ಟಿಕ್ ಟ್ಯಾಂಕೇ ಆಗಿರಲಿಲ್ಲ. ಸೆಪ್ಟಿಕ್ ಟ್ಯಾಂಕು ಎಂದರೆ ತಳಕ್ಕೂ ಗೋಡೆಗೂ ಸಿಮೆಂಟು ಬಳಿದ, ಹನಿ ನೀರೂ ಮಣ್ಣಿಗೆ ಸೋರದ ತೊಟ್ಟಿ. ಅದರಲ್ಲಿ ಸಾಮಾನ್ಯವಾಗಿ ಎರಡು ಕೋಣೆ. ಗಟ್ಟಿ ಪದಾರ್ಥ ತಳದಲ್ಲಿ ಕೂತು ಕೊಳೆಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ ಪೈಪಿನ ಮೂಲಕ ಹೊರಟು ಇಂಗುಗುಂಡಿ ಸೇರುತ್ತದೆ. ತಳದ ರಾಡಿ ಎಷ್ಟೇ ಕೊಳೆತರೂ ಪೂರ್ತಿ ಇಲ್ಲವಾಗುವುದಿಲ್ಲ. ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಲೇಬೇಕು. ನಮ್ಮ ತಂದೆ ತೋಡಿಸಿದ್ದು ಹನ್ನೆರಡು ಅಡಿ ಆಳದ ಹೊಂಡ. ಸುತ್ತಲೂ ಗಾರೆಯಿಲ್ಲದೆ ಜೋಡಿಸಿದ ಮುರಕಲ್ಲು, ತಳದಲ್ಲಿ ಬರೀ ಮಣ್ಣು, ಮೇಲೊಂದು ಚಪ್ಪಡಿ. ನಮ್ಮೂರಿನ ನೂರಾರು ಮನೆಗಳಲ್ಲಿ ‘ಸೆಪ್ಟಿಕ್ ಟ್ಯಾಂಕ್’ ಎಂದು ಕರೆಯುವುದು ಇದನ್ನೇ.

ಇಂಥ ಹೊಂಡ ತುಂಬದಿರಲು ಕಾರಣ ಅದರಲ್ಲಿದ್ದದ್ದು ಎತ್ತಲೋ ಹೋಗುತ್ತಿತ್ತು ಎಂಬುದು. ನಮ್ಮ ಮುರಕಲ್ಲಿನ ನೆಲ ಜೇನುಗೂಡಿನಂತೆ ತೂತು. ಅದರಡಿಯಲ್ಲಿ ಶೇಡಿಮಣ್ಣು. ಇಲ್ಲಿ ಮಳೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಬೇಸಿಗೆಯಲ್ಲಿ ಮೂವತ್ತು ಅಡಿ ಕೆಳಗಿರುವ ಬಾವಿನೀರು ಆಟಿ ತಿಂಗಳಲ್ಲಿ ಕೈಗೆಟಕುವಷ್ಟು ಮೇಲೆ ಬರುತ್ತದೆ. ಅಂದರೆ ಆ ದಿನಗಳಲ್ಲಿ ಹನ್ನೆರಡು ಅಡಿಯ ಗುಂಡಿಯ ಮುಕ್ಕಾಲು ಭಾಗ ಅಂತರ್ಜಲದೊಳಗೇ ಮುಳುಗಿರುತ್ತದೆ. ಇಪ್ಪತ್ತೈದು ಮಳೆಗಾಲ ನಮ್ಮ ಗುಂಡಿಯನ್ನು ಅಂತರ್ಜಲವೇ ತೊಳೆದುಕೊಂಡು ಹೋಗಿತ್ತು. ಕೊನೆಗೆ ರಾಡಿ ಗಟ್ಟಿಯಾಗಿ ಕಲ್ಲಿನ ಸಂದುಗಳೆಲ್ಲ ಮುಚ್ಚಿಹೋದವು, ನೀರಿಗೆ ದಾರಿಯಿಲ್ಲದೆ ಅದು ಮನೆಯೊಳಕ್ಕೆ ಬಂತು.

ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಅಂದು ಬೇಕಾಗಿದ್ದದ್ದು ಹೇಗಾದರೂ ಮಾಡಿ ಅದನ್ನು ಖಾಲಿ ಮಾಡಿಸುವುದು. ಪೇಟೆಯಿಂದ ಸಕ್ಕಿಂಗ್ ಗಾಡಿ ತರಿಸಿದೆವು. ಒಂದು ಲೋಡಿಗೆ ಮೂರೂವರೆ ಸಾವಿರ ರೂಪಾಯಿ. ಗಾಡಿ ನಮ್ಮ ಗೇಟಿನವರೆಗೆ ಬರಲಿಲ್ಲ. ಓಣಿ ಕಿರಿದು, ಮಣ್ಣು ಕೆಸರು. ಡಾಂಬರು ರಸ್ತೆಯಲ್ಲೇ ನಿಲ್ಲಿಸಿ ಪೈಪಿಗೆ ಪೈಪು ಜೋಡಿಸಿ ಎಳೆದು ತಂದರು. ಚಪ್ಪಡಿಗೆ ತೆರೆಯುವ ಮುಚ್ಚಳವೇ ಇರಲಿಲ್ಲ. ಸುತ್ತಿಗೆಯಿಂದ ಒಡೆದು ಒಬ್ಬ ಮನುಷ್ಯ ಇಳಿಯುವಷ್ಟು ತೂತು ಮಾಡಿದರು. ಮೇಲಿನ ನೀರೆಲ್ಲ ಅರ್ಧ ಗಂಟೆಯಲ್ಲಿ ಹೋಯಿತು. ತಳದಲ್ಲಿ ನಾಲ್ಕೈದು ಅಡಿ ದಪ್ಪ ರಾಡಿ ಉಳಿಯಿತು. ಪೈಪು ಅದನ್ನು ಎಳೆಯಲಿಲ್ಲ.

ಗಾಡಿಯ ಜೊತೆ ಇಬ್ಬರು ಹುಡುಗರಿದ್ದರು, ಬಯಲುಸೀಮೆಯ ಕಡೆಯವರು. ಅವರಲ್ಲಿ ಒಬ್ಬನು, ನಮ್ಮ ಮನೆಯ ಕಾಲೇಜು ಹುಡುಗನಷ್ಟೇ ವಯಸ್ಸಿನವನು, ಅಂಗಿ ಕಳಚಿ ಸಂಪಿಗೆಯ ಬೊಡ್ಡೆಗೆ ಹಾಕಿ, “ಐನೂರು ಜಾಸ್ತಿ ಕೊಡಿ, ಇಳಿದು ಸಡಿಲ ಮಾಡ್ತೀನಿ” ಅಂದ.

ಇಲ್ಲಿ ನಾವು ಸುಳ್ಳು ಹೇಳಬಾರದು. ನಾವು ಬೇಡವೆನ್ನಲಿಲ್ಲ. ನಮ್ಮಲ್ಲಿ ಒಬ್ಬರು ಒಳಗೆ ಹೋಗಿ ಏಣಿ ತಂದರು. ಇನ್ನೊಬ್ಬರು ಹಿತ್ತಿಲ ನಲ್ಲಿಯ ಬಳಿ ಒಂದು ಬಕೆಟ್ಟು ಬಿಸಿನೀರು, ಹೊಸ ಸೋಪು, ಹಳೆಯ ಟವೆಲು ತಂದಿಟ್ಟರು, ಅವನು ಮೇಲೆ ಬಂದ ಮೇಲೆ ಸ್ನಾನ ಮಾಡಲಿ ಎಂದು. ಅದನ್ನು ಔದಾರ್ಯವೆಂದೇ ಆಗ ತಿಳಿದಿದ್ದೆವು. ಪೇಪರು ಓದುವ ಮನೆ ನಮ್ಮದು. ಗುಂಡಿಗಿಳಿದು ಸತ್ತವರ ಸುದ್ದಿ, ಅವರನ್ನು ಎತ್ತಲು ಇಳಿದು ಸತ್ತ ಎರಡನೆಯವನ ಸುದ್ದಿ, ನಾವು ಓದದ್ದೇನಲ್ಲ. ಪೇಪರಿನಲ್ಲಿ ಓದಿದ್ದು ನಮ್ಮ ಅಂಗಳಕ್ಕೂ ಅನ್ವಯಿಸುತ್ತದೆಂದು ಆ ಹೊತ್ತಿಗೆ ಹೊಳೆಯಲಿಲ್ಲ.

ತಡೆದವರು ಗಾಡಿಯ ಡ್ರೈವರು. ಐವತ್ತು ದಾಟಿದವರು. ರಸ್ತೆಯಲ್ಲಿ ಗಾಡಿಯ ಪಂಪು ನೋಡಿಕೊಂಡಿದ್ದವರು ಏಣಿ ಕಂಡು ಓಡಿ ಬಂದು ಹುಡುಗನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಅವನಿಗೆ ಎರಡು ಬೈದು, ಬಳಿಕ ನಮ್ಮತ್ತ ತಿರುಗಿದರು: “ಏಣಿ ಕೊಟ್ಟದ್ದು ಯಾರು?” ಯಾರೂ ಉತ್ತರಿಸಲಿಲ್ಲ. “ಈಗ ವಾಸನೆ ಕಮ್ಮಿ ಆಗಿದೆ ಅಂತ ಕಾಣ್ತದಲ್ವಾ? ಕಮ್ಮಿ ಆದದ್ದು ವಾಸನೆ ಅಲ್ಲ, ನಿಮ್ಮ ಮೂಗು.”

ಅವರು ಶಾಲೆಯಲ್ಲಿ ರಸಾಯನಶಾಸ್ತ್ರ ಓದಿದವರಲ್ಲ, ಆದರೂ ಹೇಳಿದ್ದು ಅಕ್ಷರಶಃ ಸತ್ಯ. ಗುಂಡಿಯೊಳಗೆ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕುಂದಿಸಿಬಿಡುತ್ತದೆ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ತಂಗುತ್ತದೆ. ಸುಮ್ಮನಿದ್ದ ರಾಡಿಯನ್ನು ಕಾಲಿನಿಂದ ಕಲಕಿದೊಡನೆ ಒಮ್ಮೆಲೇ ಏಳುತ್ತದೆ. ಜೊತೆಗೆ ಮೀಥೇನ್, ಮತ್ತು ಉಸಿರಾಡಲು ಬೇಕಾದ ಆಮ್ಲಜನಕದ ಕೊರತೆ. ಕೆಲವೇ ಉಸಿರಿನಲ್ಲಿ ಎಚ್ಚರ ತಪ್ಪುತ್ತದೆ. ಕೂಗಲೂ ಸಮಯವಿರುವುದಿಲ್ಲ.

ಕೊನೆಗೆ ಆದ ಕೆಲಸ ಸರಳವಾಗಿತ್ತು, ತಡವಾಯಿತಷ್ಟೆ. ನಮ್ಮ ತೋಟದ ಪಂಪಿನಿಂದ ಗುಂಡಿಗೆ ರಭಸವಾಗಿ ನೀರು ಬಿಟ್ಟು, ಉದ್ದದ ಅಡಿಕೆ ಸಲಾಕೆಯಿಂದ ಮೇಲಿನಿಂದಲೇ ಕಲಕಿ, ತೆಳುವಾದಷ್ಟನ್ನು ಎಳೆದು, ಮತ್ತೆ ನೀರು ಬಿಟ್ಟು, ಸಂಜೆಯ ತನಕ ಮೂರು ಲೋಡು. ಐನೂರು ರೂಪಾಯಿಯ ಜಾಗದಲ್ಲಿ ಏಳು ಸಾವಿರ ಹೆಚ್ಚು ಖರ್ಚು. ಆ ವ್ಯತ್ಯಾಸ ಉಳಿಸಲೆಂದೇ ನಮ್ಮ ದೇಶದಲ್ಲಿ ಜನ ಗುಂಡಿಗಿಳಿಯುತ್ತಾರೆ ಅಥವಾ ಇಳಿಸಲ್ಪಡುತ್ತಾರೆ.

ಕಾನೂನು ಇಲ್ಲವೆಂದಲ್ಲ. ದೇವರಾಜ ಅರಸರ ಸರಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲೇ ನಿಷೇಧಿಸಿದ ರಾಜ್ಯ ನಮ್ಮದು. ಅದೇ ರಾಜ್ಯದ ಸವಣೂರಿನಲ್ಲಿ 2010ರ ಜುಲೈಯಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಕೇಂದ್ರದ 2013ರ ಕಾಯಿದೆ, ರಕ್ಷಣಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಯಾರನ್ನೂ ಇಳಿಸಕೂಡದು ಎನ್ನುತ್ತದೆ. ಇಳಿಸಿದರೆ ಮೊದಲ ಸಲಕ್ಕೆ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಈ ನಿಷೇಧ ನಗರಸಭೆಗೆ, ಗುತ್ತಿಗೆದಾರರಿಗೆ ಮಾತ್ರವೆಂದು ನಾವು ತಿಳಿದಿದ್ದೆವು. ಕಾಯಿದೆ ಹೇಳುವುದು ‘ಯಾವ ವ್ಯಕ್ತಿಯೂ’ ಎಂದು. ಏಣಿ ತಂದುಕೊಟ್ಟ ಮನೆಯವರೂ ಅದರಲ್ಲಿ ಬಂದರು. ಇಂಥ ಸಾವಿಗೆ ಹತ್ತು ಲಕ್ಷ ಪರಿಹಾರವೆಂದು 2014ರಲ್ಲಿ ನಿಗದಿ ಮಾಡಿದ್ದ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಸಾವುಗಳು ನಿಂತಿದ್ದರೆ ಮೊತ್ತ ಏರಿಸುವ ಪ್ರಮೇಯ ಬರುತ್ತಿರಲಿಲ್ಲ.

ಮೂರನೆಯ ಲೋಡು ಹೊರಡುವಾಗ ನಮ್ಮ ಕಾಲೇಜು ಹುಡುಗ ಡ್ರೈವರನ್ನು ಕೇಳಿದ: “ಇದನ್ನು ಎಲ್ಲಿ ಹಾಕ್ತೀರಿ?” ಅಷ್ಟು ನೇರ ಮನುಷ್ಯ ಆ ಪ್ರಶ್ನೆಗೆ ಬೇರೆತ್ತಲೋ ನೋಡಿದರು. “ಜಾಗ ಉಂಟು” ಅಂದರು. ಒತ್ತಿ ಕೇಳಿದಾಗ, ಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಕೋರೆ, ಕತ್ತಲಾದ ಮೇಲೆ. ಮಳೆಗಾಲ, ಮುರಕಲ್ಲಿನ ಕೋರೆ. ಅದರ ಕೆಳಗಿನ ಬೈಲಿನಲ್ಲೂ ಮನೆಗಳಿರಬಹುದು, ಬಾವಿಗಳಿರಬಹುದು. ನಮ್ಮ ಅಂಗಳ ಅಂದು ಶುಚಿಯಾಯಿತು. ಡ್ರೈವರನ್ನು ಬೈಯುವುದು ಸುಲಭ. ಆದರೆ ಇಲ್ಲಿ ಹಾಕಿ ಎಂದು ನಮ್ಮ ಸುತ್ತಮುತ್ತ ಅವರಿಗೆ ಆಗ ಯಾರೂ ಒಂದು ಜಾಗ ತೋರಿಸಿಕೊಟ್ಟಿರಲಿಲ್ಲ. ಬೆಂಗಳೂರಿನ ಬಳಿಯ ದೇವನಹಳ್ಳಿಯಲ್ಲಿ 2015ರಲ್ಲೇ ಇಂಥ ರಾಡಿಗೆಂದು ಒಂದು ಸಂಸ್ಕರಣಾ ಘಟಕ ಶುರುವಾಗಿದೆ. ಗಾಡಿಗಳು ಅಲ್ಲಿಗೆ ತಂದು ಸುರಿಯುತ್ತವೆ, ನೀರು ಬೇರ್ಪಟ್ಟು ಶುದ್ಧಗೊಳ್ಳುತ್ತದೆ, ರಾಡಿ ಒಣಗಿ ಗೊಬ್ಬರಕ್ಕೆ ಹೋಗುತ್ತದೆ. ನಮ್ಮ ಕರಾವಳಿಯ ಕೆಲವು ಪಂಚಾಯತುಗಳೂ ಈಚಿನ ವರ್ಷಗಳಲ್ಲಿ ಈ ಕೆಲಸಕ್ಕೆ ಕೈಹಾಕಿವೆ. ಘಟಕದ ಸುದ್ದಿ ಬಂದ ಕಡೆಗಳಲ್ಲೆಲ್ಲ “ನಮ್ಮೂರಿಗೆ ಬೇಡ” ಎಂಬ ಕೂಗೂ ಏಳುತ್ತದೆ. ಕೋರೆಗೆ ಕತ್ತಲಲ್ಲಿ ಸುರಿಯುವುದಕ್ಕೆ ಅಂಥ ಕೂಗಿಲ್ಲ, ಕಾಣುವುದಿಲ್ಲವಲ್ಲ.

ಇಲ್ಲಿಗೆ ಮುಗಿದಿದ್ದರೆ ನಾವು ಚಪ್ಪಡಿ ಮುಚ್ಚಿಸಿ ಮರೆತುಬಿಡುತ್ತಿದ್ದೆವೇನೋ. ಆದರೆ ಅದೇ ಸಂಜೆ ತಾಯಿ ಒಂದು ಪ್ರಶ್ನೆ ಎತ್ತಿದರು. ಇಪ್ಪತ್ತೈದು ವರ್ಷ ಇದು ತುಂಬದೆ ಹೋದದ್ದು ಎಲ್ಲಿಗೆ? ನಮ್ಮ ಬಾವಿ ಮನೆಯ ಹಿಂದೆ, ಎತ್ತರದಲ್ಲಿದೆ. ಅಂಗಳದ ಕೆಳಗೆ ಅಗಳು, ಅಗಳಿನ ಆಚೆ ಪಕ್ಕದ ಮನೆಯವರ ಬಾವಿ. ಗುಂಡಿಯಿಂದ ಅಲ್ಲಿಗೆ ಅಳೆದು ನೋಡಿದರೆ ಇಪ್ಪತ್ತೆಂಟು ಅಡಿ. ಬಾವಿಗೂ ಗುಂಡಿಗೂ ಐವತ್ತು ಅಡಿಯಾದರೂ ಅಂತರವಿರಲಿ ಎಂದು ಎಂಜಿನಿಯರರು ಹೇಳುವುದುಂಟು. ನಮ್ಮ ತೂತು ನೆಲಕ್ಕೆ ಅದೂ ಸಾಲದಾಗಬಹುದು. ತಂದೆಯವರು ಗುಂಡಿ ತೋಡಿಸುವಾಗ ನಮ್ಮ ಬಾವಿಯಿಂದ ದೂರ ಇರಲೆಂದು ಎಚ್ಚರ ವಹಿಸಿದ್ದರು. ನೆರೆಯವರ ಬಾವಿ ಅವರ ಲೆಕ್ಕಕ್ಕೆ ಬಂದಿರಲಿಲ್ಲ. ತೀರಿಹೋದವರ ಬಗ್ಗೆ ಹೀಗೆ ಬರೆಯಲು ಕಷ್ಟವಾಗುತ್ತದೆ. ಆದರೆ ನಾಲ್ಕು ಕಕ್ಕಸು ಸೇರಿಸಿದವರು ನಾವು.

ಎರಡೂ ಬಾವಿಗಳ ನೀರನ್ನು ಪರೀಕ್ಷೆಗೆ ಕಳಿಸಿದೆವು. ನಮ್ಮದು ಪರವಾಗಿಲ್ಲ ಎಂದು ಬಂತು. ಅವರದರಲ್ಲಿ ಮಲದ ಬ್ಯಾಕ್ಟೀರಿಯಾ ಇತ್ತು. ಆ ಚೀಟಿ ಹಿಡಿದುಕೊಂಡು ಅಗಳು ದಾಟಿ ಹೋಗುವುದು ನಮಗೆ ಸುಲಭವಾಗಲಿಲ್ಲ. ಎರಡು ದಿನ ಮುಂದೂಡಿದೆವು. ಆ ಮನೆಯ ಅಕ್ಕ ಚೀಟಿ ನೋಡಲೂ ಇಲ್ಲ. “ಗೊತ್ತುಂಟು” ಅಂದರು. “ಮಳೆಗಾಲದಲ್ಲಿ ನೀರಿಗೆ ಒಂಥರಾ ವಾಸನೆ ಬರ್ತದೆ. ಎಂಟು ಹತ್ತು ವರ್ಷ ಆಯ್ತು. ನಾವು ಕುದಿಸಿಯೇ ಕುಡಿಯುವುದು. ಮಕ್ಕಳಿಗೆ ಸಣ್ಣದಿರುವಾಗ ಆಗಾಗ ಹೊಟ್ಟೆ ಕೆಡ್ತಿತ್ತು.”

ಮತ್ತೆ ಹೇಳಲಿಲ್ಲ ಯಾಕೆ ಎಂದು ಕೇಳಿದೆವು.

“ಹೇಗೆ ಹೇಳುವುದು? ನೆರೆಕರೆ ಅಲ್ವಾ. ನಿಮ್ಮ ಕಕ್ಕಸಿನ ನೀರು ನಮ್ಮ ಬಾವಿಗೆ ಬರ್ತದೆ ಅಂತ ಬಾಯಿ ಬಿಟ್ಟು ಹೇಳಿದರೆ ಆಮೇಲೆ ಮಾತು ಉಳಿಯುವುದುಂಟಾ?” ಅಂದವರೇ ಒಳಗೆ ಹೋಗಿ ಚಹಾ ತಂದರು. ಅದೇ ಬಾವಿಯ ನೀರಿನ ಚಹಾ. ಅವರ ಅಂಗಳದಲ್ಲಿ ಕೂತು ನಾವು ಅದನ್ನು ಕುಡಿದೆವು.

2023ರ ಏಪ್ರಿಲಿನಲ್ಲಿ, ನೆಲ ಒಣಗಿದ್ದಾಗ, ಹೊಸ ಟ್ಯಾಂಕು ಕಟ್ಟಿಸಿದೆವು. ಗೇಟಿನ ಹತ್ತಿರ, ಗಾಡಿಯ ಪೈಪು ಸಲೀಸಾಗಿ ಮುಟ್ಟುವ ಕಡೆ. ಎರಡು ಕೋಣೆ, ಕಾಂಕ್ರೀಟಿನ ತಳ, ಒಳಗೆ ಸಿಮೆಂಟು ಗಿಲಾವು, ಪ್ರತಿ ಕೋಣೆಗೂ ಕೊಕ್ಕೆಯಿರುವ ಮುಚ್ಚಳ, ಗಾಳಿ ಹೋಗಲು ಎತ್ತರದ ಪೈಪು. ಹೊರಬರುವ ನೀರು ಆಳಕ್ಕಿಳಿಯದಂತೆ, ಎರಡೂ ಬಾವಿಗಳಿಂದ ದೂರವಿರುವ ಮೂಲೆಯಲ್ಲಿ ಜಲ್ಲಿ ತುಂಬಿದ ಉದ್ದದ ಚರಂಡಿ, ಅದರ ಮೇಲೆ ಬಾಳೆ ಮತ್ತು ಕಾಬಾಳೆ. ಸ್ನಾನದ ನೀರು, ಪಾತ್ರೆ ತೊಳೆದ ನೀರು ಇದಕ್ಕೆ ಬರುವುದಿಲ್ಲ, ಬೇರೆ ದಾರಿಯಲ್ಲಿ ತೆಂಗಿನ ಬುಡಕ್ಕೆ ಹೋಗುತ್ತದೆ. ಹಳೆಯ ಗುಂಡಿಗೆ ಸುಣ್ಣ ಹಾಕಿ, ಮಣ್ಣು ತುಂಬಿ ಮುಚ್ಚಿದೆವು.

ಮೇಸ್ತ್ರಿಗೆ ಇದು ಹಿಡಿಸಲಿಲ್ಲ. ತಳಕ್ಕೆ ಕಾಂಕ್ರೀಟು ಹಾಕುವ ದಿನ ಬೆಳಿಗ್ಗೆ ಅವರು ಕೆಲಸ ನಿಲ್ಲಿಸಿ ಕೂತರು. “ತಳ ಹಾಕಿದರೆ ಮೂರು ವರ್ಷಕ್ಕೆ ತುಂಬ್ತದೆ. ಆಮೇಲೆ ನನಗೆ ಹೇಳಬೇಡಿ. ಇಷ್ಟು ಖರ್ಚು ಮಾಡಿ ತುಂಬುವ ಗುಂಡಿ ಕಟ್ಟಿಸುವವರನ್ನು ನಾನು ನೋಡಿದ್ದಿಲ್ಲ.” ತುಂಬಬೇಕು ಎಂಬುದೇ ನಮ್ಮ ಉದ್ದೇಶ ಎಂದಾಗ ತಲೆ ಕೊಡವಿಕೊಂಡು ಎದ್ದರು. ನೆಂಟರಲ್ಲೂ ಇದೊಂದು ತಮಾಷೆಯಾಯಿತು. ಅವರನ್ನು ದೂರುವಂತಿಲ್ಲ. ಸರಕಾರ 2014ರ ನಂತರ ಸ್ವಚ್ಛ ಭಾರತ ಯೋಜನೆಯಲ್ಲಿ ಬಡಮನೆಗಳಿಗೆ ಶೌಚಾಲಯಕ್ಕೆಂದು ಹನ್ನೆರಡು ಸಾವಿರ ರೂಪಾಯಿ ಕೊಟ್ಟಿತು. ಎರಡು ಗುಂಡಿ ತೋಡಿ ಒಂದಾದ ಮೇಲೊಂದು ಬಳಸಿ, ಮೊದಲನೆಯದು ಗೊಬ್ಬರವಾದ ಮೇಲೆ ತೆಗೆಯಿರಿ ಎಂದೂ ಹೇಳಿತು. ಲೆಕ್ಕಾಚಾರ ಒಳ್ಳೆಯದೇ. ಆದರೆ ನಮ್ಮೂರಿನ ಹಲವು ಮನೆಗಳಲ್ಲಿ ಎರಡೂ ಗುಂಡಿಗಳಿಗೆ ಒಟ್ಟಿಗೇ ಪೈಪು ಕೊಟ್ಟರು, ಬೇಗ ತುಂಬಬಾರದು ಎಂಬ ಅದೇ ಆಸೆಯಿಂದ. ಶೌಚಾಲಯ ಕಟ್ಟಿದ್ದನ್ನು ಫೋಟೋ ತೆಗೆದು ಲೆಕ್ಕ ಹಾಕಿದರು. ನೆಲದೊಳಗಿನದರ ಫೋಟೋ ಯಾರೂ ತೆಗೆಯಲಿಲ್ಲ.

ಟ್ಯಾಂಕಿನ ಮುಚ್ಚಳದ ಮೇಲೆ ನಮ್ಮ ಹುಡುಗ ಬಿಳಿ ಪೇಂಟಿನಲ್ಲಿ ‘ಏಪ್ರಿಲ್ 2023’ ಎಂದು ಬರೆದಿದ್ದಾನೆ, ಅದರ ಕೆಳಗೆ ಮುಂದಿನ ತಾರೀಖುಗಳಿಗೆ ಜಾಗ ಬಿಟ್ಟು. ಸ್ಯಾನಿಟರಿ ಪ್ಯಾಡು, ಪ್ಲಾಸ್ಟಿಕ್ಕು, ಕರಿದ ಎಣ್ಣೆ ಯಾವುದೂ ಕಕ್ಕಸಿಗೆ ಹೋಗಬಾರದೆಂದು ಮನೆಯ ಹೆಂಗಸರು ಕಟ್ಟುನಿಟ್ಟು ಮಾಡಿದ್ದಾರೆ. ಅದು ಮೀರುವುದು ಹೆಚ್ಚಾಗಿ ನೆಂಟರು ಬಂದಾಗ.

ಪಕ್ಕದ ಮನೆಯ ಬಾವಿಯನ್ನು ಆ ಬೇಸಿಗೆಯಲ್ಲೇ ನಮ್ಮ ಖರ್ಚಿನಲ್ಲಿ ಕೆಸರು ತೆಗೆಸಿ, ಬ್ಲೀಚಿಂಗ್ ಪೌಡರು ಹಾಕಿಸಿದೆವು. 2024ರ ಮಳೆಗಾಲದ ಪರೀಕ್ಷೆಯಲ್ಲಿ ನೀರು ಮೊದಲಿಗಿಂತ ಎಷ್ಟೋ ಉತ್ತಮ, ಪೂರ್ತಿ ಶುದ್ಧವಲ್ಲ. ಅವರ ಬಾವಿಯ ಮತ್ತೊಂದು ಬದಿಯಲ್ಲಿ ಮೂವತ್ತೈದು ಅಡಿ ದೂರಕ್ಕೆ ಇನ್ನೊಂದು ಮನೆಯ ಗುಂಡಿ ಇದೆ. ಅದೂ ಈವರೆಗೆ ತುಂಬಿಲ್ಲವಂತೆ. ಆ ಮನೆಯವರಿಗೆ ಇದನ್ನು ಹೇಳುವುದು ಯಾರು ಎಂದು ನಾವೂ ಅಕ್ಕನೂ ಅಗಳಿನ ಆಚೆ ಈಚೆ ನಿಂತು ಮೂರು ನಾಲ್ಕು ಸಲ ಮಾತಾಡಿದ್ದೇವೆ. ಇನ್ನೂ ತೀರ್ಮಾನವಾಗಿಲ್ಲ. ಅವರು ನೀರು ಕುದಿಸುವುದನ್ನು ಬಿಟ್ಟಿಲ್ಲ.